ಬ್ರಿಡ್ಜಿಗೆ ಎಷ್ಟು ಮೆಟ್ಟಿಲು

ಮಸ್ಕತ್
9 ಜನವರಿ 2025

ಉಮಕ್ಕನಿಗೆ ತಮ್ಮ ವಾಸುವಿನ ನಮಸ್ಕಾರಗಳು.

ಒಂಬತ್ತು ವರ್ಷಗಳ ಮೇಲೆ ನನ್ನ ಕೈಬರಹ ನೋಡುತ್ತಿದ್ದೀಯ. ಅಮ್ಮನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ನಾನು ಡೊಂಬಿವಲಿಯಿಂದ ಹೊರಟ ದಿನ ನೀನು ಬಾಗಿಲವರೆಗೂ ಬರಲಿಲ್ಲ. ಅದರಲ್ಲಿ ನಿನ್ನ ತಪ್ಪಿಲ್ಲ. ಈಗ ಬರೆಯುತ್ತಿರುವುದು ಒಂದು ಕೆಲಸದ ಸಲುವಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮ್ಯಾನೇಜರ್ ಆಗಿರುವ ಹೋಟೆಲನ್ನು ಜೂನ್ ಕೊನೆಗೆ ಮುಚ್ಚುತ್ತಾರೆ. ಮಾಲೀಕರಿಗೆ ವಯಸ್ಸಾಯಿತು, ನಡೆಸಲು ಯಾರೂ ಇಲ್ಲ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಇಪ್ಪತ್ತೆರಡು ವರ್ಷ ಇಲ್ಲಿದ್ದು ಈಗ ಊರ್ಮಿಳಾಳನ್ನೂ ಅಶ್ಮಿತಾಳನ್ನೂ ಕರೆದುಕೊಂಡು ಬರಬೇಕು. ಊರ್ಮಿಳಾಳ ಮಟ್ಟಿಗೆ ಅದು ಹಿಂತಿರುಗುವುದು. ಅಶ್ಮಿತಾ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಮುಂಬೈ ಅವಳಿಗೆ ಪರದೇಶ. ಹದಿನೆಂಟು ತುಂಬಿದೆ, ಹನ್ನೆರಡನೆಯ ಕ್ಲಾಸು ಮುಗಿಯುತ್ತಾ ಬಂತು. ಮಾಟುಂಗದ ಒಂದು ಕಾಲೇಜಿನಲ್ಲಿ ಸೈಕಾಲಜಿ ಓದುತ್ತೇನೆಂದು ಹಠ ಹಿಡಿದಿದ್ದಾಳೆ.

ಖಾರಘರದಲ್ಲಿ ಬಾಡಿಗೆ ಮನೆ ಹಿಡಿಯೋಣ ಎಂದುಕೊಂಡಿದ್ದೇನೆ. ಹೊಸ ಕಟ್ಟಡಗಳು, ಅಗಲ ರಸ್ತೆ, ಅಲ್ಲಿ ನಮ್ಮವರೂ ಕಡಿಮೆಯಂತೆ. ನೀನು ಒಮ್ಮೆ ಹೋಗಿ ನೋಡಿ ಬರೆಯಬೇಕು. ಕಟ್ಟಡದ ಗೇಟಿನಿಂದ ಸ್ಟೇಷನ್ನಿನವರೆಗೆ ಫುಟ್‌ಪಾತ್ ಎಲ್ಲಿಯೂ ತುಂಡಾಗದೆ ಇದೆಯೇ? ರಸ್ತೆ ಎಷ್ಟು ಸಲ ದಾಟಬೇಕು? ರೈಲು ಬದಲಿಸುವ ಕಡೆ ಬ್ರಿಡ್ಜಿಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಎರಡೂ ಬದಿಗೆ ಕಂಬಿಯಿದೆಯೇ? ಸಂಜೆಯ ಮೇಲೆ ಬೆಳಕು ಹೇಗೆ? ಲೋಕಲ್ಲಿನೊಳಗೆ ಮುಂದಿನ ಸ್ಟೇಷನ್ನಿನ ಹೆಸರು ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತದೆಯೇ?

ಫೋನ್ ಮಾಡಬೇಡ. ನಮ್ಮದು ಎರಡು ಕೋಣೆಯ ಮನೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ. ಮೊಬೈಲ್ ಯಾರ ಕೈಯಲ್ಲಾದರೂ ಇರುತ್ತದೆ. ಹೋಟೆಲಿನ ಪೋಸ್ಟ್ ಬಾಕ್ಸಿಗೆ ಬರೆ. ನಮ್ಮ ಅಡುಗೆಯ ಕಿಟ್ಟಣ್ಣ ರಜೆಯಲ್ಲಿ ಊರಿಗೆ ಬರುತ್ತಿದ್ದಾರೆ, ಈ ಕಾಗದವನ್ನು ಮುಂಬೈಯಲ್ಲಿ ಅಂಚೆಗೆ ಹಾಕುತ್ತಾರೆ.

ನಿನ್ನ ತಮ್ಮ,
ವಾಸು

ಡೊಂಬಿವಲಿ ಪೂರ್ವ
2 ಫೆಬ್ರವರಿ 2025

ವಾಸು,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಎರಡು ದಿನ ಒಡೆಯದೆ ದೇವರ ಫೋಟೋದ ಹಿಂದೆ ಇಟ್ಟಿದ್ದೆ.

ಡಿಸೆಂಬರಿನಲ್ಲಿ ನಾನು ರಿಟೈರ್ ಆದೆ. ಬಲ್ಲಾರ್ಡ್ ಪಿಯರಿನ ಆಫೀಸಿಗೆ ಮೂವತ್ತಮೂರು ವರ್ಷ ಇಲ್ಲಿಂದಲೇ ಹೋಗಿ ಬಂದವಳು, ಈಗ ಬೆಳಿಗ್ಗೆ ಎಂಟಕ್ಕೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ನಿನ್ನ ಕೆಲಸ ಹೊರೆಯಾಗಲಿಲ್ಲ. ಠಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿದು ಎರಡು ಸಲ ಖಾರಘರಕ್ಕೆ ಹೋಗಿ ಬಂದೆ. ರಂಜನ್ ಎಂಬ ಬ್ರೋಕರ್ ನಾಲ್ಕು ಮನೆ ತೋರಿಸಿದ. ಹದಿನಾರನೆಯ ಮಾಳಿಗೆಯ ಕಿಟಕಿಯಲ್ಲಿ ಗುಡ್ಡ ಇಷ್ಟು ಹತ್ತಿರ ಕಾಣುತ್ತದೆ. "ಮ್ಯಾಡಂ, ಇಧರ್ ಕೋಯಿ ಕಿಸೀಕೋ ಪೂಛ್ತಾ ನಹೀಂ," ಅಂದ. ಯಾರೂ ಯಾರನ್ನೂ ವಿಚಾರಿಸುವುದಿಲ್ಲ ಎಂಬುದನ್ನು ಮನೆಯ ಗುಣವೆಂದೇ ಹೇಳಿದ.

ಫುಟ್‌ಪಾತ್ ನಮ್ಮ ಕಡೆಗಿಂತ ಎಷ್ಟೋ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಮೇಲೆ ಜನ ಕಡಿಮೆ. ಗೇಟಿನಿಂದ ಎಲ್ಲರೂ ಕಾರಿನಲ್ಲೋ ರಿಕ್ಷಾದಲ್ಲೋ ಹೊರಡುತ್ತಾರೆ. ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರವಿಲ್ಲ. ಮಾಟುಂಗಕ್ಕೆ ಹೋಗಬೇಕಾದರೆ ಕುರ್ಲಾದಲ್ಲಿ ಇಳಿದು, ಬ್ರಿಡ್ಜ್ ಹತ್ತಿ, ಇನ್ನೊಂದು ಲೈನಿನ ಗಾಡಿ ಹಿಡಿಯಬೇಕು. ಆಫೀಸಿನ ಹೊತ್ತಿಗೆ ಅಲ್ಲಿ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಮೆಟ್ಟಿಲು ಎಣಿಸುತ್ತಾ ಹತ್ತುತ್ತಿದ್ದವಳನ್ನು ನೋಡಿ ಒಬ್ಬ ಪೊಲೀಸ್ ಹುಡುಗಿ "ಕ್ಯಾ ಗಿನ್ ರಹೀ ಹೋ, ಮೌಸಿ?" ಎಂದು ಕೇಳಿದಳು. ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಒಂದು ಮಾತು. ಇಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು. ನೀನು ನೀರಿನ ಸುದ್ದಿಯನ್ನೇ ಎತ್ತಿಲ್ಲ. ಕಂಬಿ, ಬೆಳಕು, ಮೆಟ್ಟಿಲು ಕೇಳಿದ್ದೀಯ. ಇದೆಲ್ಲ ಯಾರಿಗಾಗಿ?

ಉಮಾವತಿ

ಮಸ್ಕತ್
20 ಫೆಬ್ರವರಿ 2025

ಉಮಕ್ಕ,

ನೀನು ಅಷ್ಟು ದೂರ ಎರಡು ಸಲ ಹೋದೆಯಲ್ಲ, ನಿನ್ನ ಲೆಕ್ಕದ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಊರ್ಮಿಳಾಳಿಗೆ ಮೊಣಕಾಲು ನೋವು ಹೆಚ್ಚಾಗಿದೆ. ಅದಕ್ಕೇ ಮೆಟ್ಟಿಲು ಕೇಳಿದ್ದು.

ಖಾರಘರವೇ ಇರಲಿ. ರಂಜನ್ ಹತ್ತಿರ ಮಾತು ಮುಂದುವರಿಸು. ಡೊಂಬಿವಲಿ ನನಗೆ ಬೇಡ. ಅಲ್ಲಿ ಗಲ್ಲಿಗೊಬ್ಬರು ನಮ್ಮ ಪೈಕಿಯವರು. ಸಂಘದ ಯಶ್ವಂತಣ್ಣನಂಥವರ ಬಾಯಿಗೆ ಬಿದ್ದ ಮಾತು ಒಂದೇ ದಿನದಲ್ಲಿ ಉಡುಪಿ ಮುಟ್ಟುತ್ತದೆ. ಅಶ್ಮಿತಾಳಿಗೆ ಇನ್ನು ನಾಲ್ಕೈದು ವರ್ಷದಲ್ಲಿ ಸಂಬಂಧ ನೋಡಬೇಕು. ನಮ್ಮನ್ನು ಯಾರೂ ಗುರುತು ಹಿಡಿಯದ ಕಡೆ ಇರಬೇಕು. ಅರ್ಥ ಮಾಡಿಕೋ.

ವಾಸು

ಡೊಂಬಿವಲಿ ಪೂರ್ವ
9 ಮಾರ್ಚ್ 2025

ವಾಸು,

ಮೊಣಕಾಲು ನೋಯುವವರು ಬೆಳಕಿನ ಬಗ್ಗೆ ಕೇಳುವುದಿಲ್ಲ.

ಅಶ್ಮಿತಾಳಿಗೆ ಅಮ್ಮನ ಕಣ್ಣು ಬಂದಿದೆಯೇ?

ಹೌದೆಂದು ತಿಳಿದೇ ಬರೆಯುತ್ತಿದ್ದೇನೆ. ಅಮ್ಮನಿಗೆ ಹೇಗೆ ಶುರುವಾಯಿತೆಂದು ನಿನಗೆ ನೆನಪಿರಬೇಕು. ಮೊದಲು ಸಂಜೆಯಾದರೆ ಕಾಣುತ್ತಿರಲಿಲ್ಲ. ಆಮೇಲೆ ಬದಿಯಲ್ಲಿ ಇಟ್ಟ ಕೊಡ ಕಾಣುತ್ತಿರಲಿಲ್ಲ. ಬಳೆಯೊಳಗಿಂದ ನೋಡಿದ ಹಾಗೆ ಎನ್ನುತ್ತಿದ್ದಳು, ಬಳೆ ವರ್ಷ ವರ್ಷಕ್ಕೆ ಸಣ್ಣದಾಯಿತು. ನನ್ನನ್ನು ನೋಡಲು ಭಿವಂಡಿಯಿಂದ ಬಂದವರಿಗೆ ನಾನು ಇದನ್ನೆಲ್ಲ ಹೇಳಿದೆ, ಮದುವೆಯಾದ ಮೇಲೂ ಅಮ್ಮ ನನ್ನ ಜೊತೆಗೇ ಇರುತ್ತಾಳೆ ಎಂದೂ ಹೇಳಿದೆ. ಅವರು ಚಹಾ ಮುಗಿಸಿ ಎದ್ದು ಹೋದರು. "ನಿನ್ನ ಬಾಯಿಯಿಂದ ನನ್ನ ಬದುಕೂ ಹಾಳಾಗುತ್ತದೆ" ಎಂದು ನೀನು ಅವತ್ತು ಹೇಳಿದೆ. ನನಗೆ ಮದುವೆ ತಪ್ಪಿದ್ದರ ಬೇಸರ ಎಂದೋ ಹೋಯಿತು. ಇದು ಹೋಗಲಿಲ್ಲ.

ಇನ್ನೊಂದನ್ನು ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ಮದುವೆ ಉಡುಪಿಯಲ್ಲಿ ಆದ ದಿನ, ಅಮ್ಮನಿಗೆ ಜ್ವರ ಎಂದು ನೀನು ಬೀಗರ ಮುಂದೆ ಹೇಳಿದ ದಿನ, ಅಮ್ಮ ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿದಳು. ನೀನು ಕಳಿಸಿದ್ದ ರೇಷ್ಮೆ ಸೀರೆ ಉಟ್ಟಳು. ಅಂಚು ಸರಿಯಾಗಿದೆಯೇ ಎಂದು ನನ್ನ ಕೈಯಿಂದ ನೋಡಿಸಿದಳು. ಮಂಚದ ಮೇಲೆ ಕೂತು ಗಳಿಗೆಗೊಮ್ಮೆ "ಈಗ ಧಾರೆ ಆಗಿರಬಹುದಾ?" ಎಂದು ಕೇಳುತ್ತಿದ್ದಳು. ಹನ್ನೆರಡೂವರೆಗೆ ನಾನೇ "ಆಯಿತು" ಎಂದೆ. ಕೈಯಲ್ಲಿ ಹಿಡಿದಿದ್ದ ಅಕ್ಷತೆಯನ್ನು ಗೋಡೆಯ ಕಡೆಗೆ ಹಾಕಿದಳು.

ಕಾಲೇಜು ಮಾಟುಂಗದಲ್ಲಾದರೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಇದೆ. ಎಲ್ಲಿಯೂ ಬದಲಿಸಬೇಕಾಗಿಲ್ಲ. ಅಂಗವಿಕಲರ ಡಬ್ಬಿ ನಿಲ್ಲುವ ಜಾಗ ಗೊತ್ತು ಮಾಡಿಕೊಂಡರೆ ಸಾಕು. ಕಲ್ಯಾಣವನ್ನೂ ನೋಡಿದೆ. ಅಲ್ಲಿ ಬಾಡಿಗೆ ಕಡಿಮೆ, ಆದರೆ ಸ್ಟೇಷನ್ ತುಂಬ ದೊಡ್ಡದು, ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೂಗಿದರೆ ಕಣ್ಣಿರುವವರೇ ಓಡಬೇಕು. ಇಲ್ಲಿ ನಮ್ಮ ರಸ್ತೆ ಒಡೆದಿದೆ, ಸ್ಟೇಷನ್ನಿನ ಹೊರಗೆ ಕಾಲಿಡಲು ಜಾಗವಿಲ್ಲ, ನಿಜ. ಆದರೂ ಅಮ್ಮ ಇಲ್ಲಿ ಇಪ್ಪತ್ತು ವರ್ಷ ಒಬ್ಬಳೇ ತರಕಾರಿ ತಂದಳು. ಬುಟ್ಟಿ ದಾರಿಗೆ ಅಡ್ಡವಿದ್ದರೆ ಮಾರುವವಳೇ ಎಳೆದುಕೊಳ್ಳುತ್ತಿದ್ದಳು.

ಊರ್ಮಿಳಾಳಿಗೆ ಏನು ಗೊತ್ತು?

ಉಮಾವತಿ

ಮಸ್ಕತ್
30 ಮಾರ್ಚ್ 2025

ಅಕ್ಕ,

ಅವಳಿಗೆ ಗೊತ್ತಿಲ್ಲ.

ಅಶ್ಮಿತಾಳದು ನಮಗೆ ಅವಳ ಹದಿನಾಲ್ಕರಲ್ಲಿ ತಿಳಿಯಿತು. ಬಾಗಿಲಿಗೆ, ಮೇಜಿಗೆ ಡಿಕ್ಕಿ ಹೊಡೆಯುತ್ತಿದ್ದಳು, ನಾವು ಗಡಿಬಿಡಿಯ ಹುಡುಗಿ ಎಂದು ಬೈಯುತ್ತಿದ್ದೆವು. ಡಾಕ್ಟರು ಪರೀಕ್ಷೆ ಮಾಡಿ, ಇದು ವಂಶದಲ್ಲಿ ಬರುವಂಥದ್ದು, ಕೆಲವೊಮ್ಮೆ ಒಂದು ತಲೆಮಾರು ಬಿಟ್ಟೂ ಬರುತ್ತದೆ, ನಿಮ್ಮಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಊರ್ಮಿಳಾ ಪಕ್ಕದಲ್ಲಿ ಕೂತಿದ್ದಳು. ನಾನು ಇಲ್ಲ ಎಂದೆ. ಅಮ್ಮನಿಗೆ ಪೊರೆ ಬಂದಿತ್ತೆಂದು ನಾನು ಹೇಳಿದ್ದನ್ನು ಅವಳು ಮದುವೆಯಾದಾಗಿನಿಂದ ನಂಬಿದ್ದಾಳೆ. ಮೂರೋ ನಾಲ್ಕೋ ಸಲ ಮಾತ್ರ ಅಮ್ಮನನ್ನು ಕಂಡವಳು.

ಬಸಿರಿನಲ್ಲಿ ಅವಳಿಗೆ ಒಮ್ಮೆ ಜೋರು ಜ್ವರ ಬಂದು ಮಾತ್ರೆ ನುಂಗಿದ್ದಳು. ಅದರಿಂದಲೇ ಹೀಗಾಯಿತು ಎಂದು ಅವಳ ಮನಸ್ಸಿನಲ್ಲಿ ಕೂತಿದೆ. ವಂಶದ್ದು ಎಂದ ಮೇಲೂ ತನ್ನ ತವರಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದಳು. ಸೋಮವಾರ, ಶನಿವಾರ ಉಪವಾಸ ಮಾಡುತ್ತಾಳೆ. ನಾಲ್ಕು ವರ್ಷದಿಂದ ಇದನ್ನು ನೋಡುತ್ತಾ ಇದ್ದೇನೆ, ಬಾಯಿ ಬಿಟ್ಟಿಲ್ಲ. ಮೊದಲ ದಿನ ಹೇಳಬಹುದಿತ್ತು. ಎರಡನೆಯ ದಿನ ಕಷ್ಟವಾಯಿತು. ಈಗ ಹೇಗೆ ಹೇಳಲಿ?

ಡೊಂಬಿವಲಿಗೆ ಬಂದರೆ ಯಾರಾದರೊಬ್ಬರು ಅಶ್ಮಿತಾಳನ್ನು ನೋಡಿದ ಕೂಡಲೇ, ಅಜ್ಜಿಯದೇ ಕಣ್ಣು ಎನ್ನುತ್ತಾರೆ. ಖಾರಘರ ಕೇಳಿದ್ದು ಅದಕ್ಕೆ. ಅವಳ ಸಂಬಂಧದ ಚಿಂತೆಗಲ್ಲ.

ವಾಸು

ಮಸ್ಕತ್
24 ಏಪ್ರಿಲ್ 2025

ಉಮಾವತಿ ಅತ್ತಿಗೆಗೆ,

ನಾನು ಊರ್ಮಿಳಾ. ನಿಮಗೆ ಇದುವರೆಗೆ ಕಾಗದ ಬರೆದಿಲ್ಲ, ಅಕ್ಷರ ತಪ್ಪಿದ್ದರೆ ಮನ್ನಿಸಿ.

ಕಿಟ್ಟಣ್ಣ ರಜೆ ಮುಗಿಸಿ ಬರುವಾಗ ನಿಮ್ಮ ಮನೆಗೆ ಬಂದಿದ್ದರಂತೆ. ನೀವು ಅವರ ಕೈಯಲ್ಲಿ ಕೊಟ್ಟ ಲಕೋಟೆಯನ್ನು, ಇವರು ಹೋಟೆಲಿನಲ್ಲಿ ಇರಲಿಲ್ಲವೆಂದು, ಮನೆಗೆ ತಂದುಕೊಟ್ಟರು. ನಾನು ಒಡೆದೆ. ಮನೆಯ ವಿಚಾರ ಇರಬಹುದೆಂದುಕೊಂಡೆ. "ಅವಳು ನಾಲ್ಕು ವರ್ಷದಿಂದ ನಮ್ಮ ಅಮ್ಮನ ಕಾಯಿಲೆಯನ್ನು ತನ್ನ ಹೊಟ್ಟೆಗೆ ಹಚ್ಚಿಕೊಂಡು ಉಪವಾಸ ಮಾಡುತ್ತಿದ್ದಾಳೆ, ನೀನು ಊಟ ಮಾಡುತ್ತಿದ್ದೀಯ" ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಅವರು ಬಂದಾಗ ಲಕೋಟೆಯನ್ನು ಮುಂದಿಟ್ಟೆ. ಹಳೆಯ ಕಾಗದಗಳನ್ನೂ ತಂದುಕೊಟ್ಟರು. ನಾಲ್ಕನೆಯ ದಿನ ಅಶ್ಮಿತಾಳನ್ನು ಕೂರಿಸಿ ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. "ಅಜ್ಜಿ ಹೊರಗೆ ಹೇಗೆ ಹೋಗ್ತಿದ್ರು?" ಎಂದಷ್ಟೇ ಕೇಳಿದಳು. ನಿಮ್ಮ ಕಾಗದದಿಂದ ತರಕಾರಿಯ ಮಾತನ್ನು ಓದಿ ಹೇಳಿದೆ.

ನಾವಿಬ್ಬರೂ ಮೇ ಆರಕ್ಕೆ ಬರುತ್ತೇವೆ. ಹೋಟೆಲಿನ ಕೆಲಸ ಮುಗಿಯುವವರೆಗೆ ಅವರು ಇಲ್ಲಿರುತ್ತಾರೆ. ಆಮೇಲಿನದನ್ನು ನಾನು ಯೋಚಿಸಿಲ್ಲ. ನಿಮ್ಮ ಮನೆಯಲ್ಲಿ ಕೆಲವು ದಿನ ಇರಬಹುದೇ? ಮನೆ ಎಲ್ಲಿ ಎಂಬುದನ್ನು ಮಗಳೇ ನಡೆದು ನೋಡಿ ಹೇಳಲಿ.

ಒಂದು ಮಾತು ಕೇಳದೆ ಇರಲಾರೆ. ನೀವು ಭಿವಂಡಿಯವರಿಗೆ ಹೇಳಿದಿರಿ. ನನಗೆ ಯಾಕೆ ಹೇಳಲಿಲ್ಲ?

ಊರ್ಮಿಳಾ

ಡೊಂಬಿವಲಿ ಪೂರ್ವ
1 ಮೇ 2025

ಊರ್ಮಿಳಾ,

ಹೇಳಲಿಲ್ಲ. ಅವನು ಸಂಸಾರ ಮಾಡಿಕೊಂಡಿದ್ದಾನೆ, ನಡುವೆ ನಾನೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನ ಬೊಜ್ಜಕ್ಕೆ ನೀನು ಬಂದಾಗ ಅಶ್ಮಿತಾ ಒಂಬತ್ತು ವರ್ಷದ ಮಗು. ನನ್ನ ಮಡಿಲಲ್ಲಿ ಕೂತು ಗೋಡಂಬಿ ತಿಂದಳು. ಸಂಜೆ ನೀರಿನ ಚೊಂಬನ್ನು ಎಡವಿದಳು. ನಾನು ನೋಡಿದೆ, ಚೊಂಬನ್ನು ಎತ್ತಿಟ್ಟೆ. ಇದನ್ನು ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನೀವು ಬನ್ನಿ. ಎಷ್ಟು ದಿನ ಬೇಕಾದರೂ ಇರಿ. ನನ್ನ ಹತ್ತಿರ ಮಾತಾಡಬೇಕೆಂದೇನೂ ಇಲ್ಲ.

ಉಮಾವತಿ

ಡೊಂಬಿವಲಿ ಪೂರ್ವ
1 ಜೂನ್ 2025

ವಾಸು,

ನೀನು ಕಳಿಸಿದ ಎರಡು ಕಾಗದವೂ ತಲುಪಿದವು. ಊರ್ಮಿಳಾಳ ಹೆಸರಿಗೆ ಇದ್ದುದನ್ನು ಅವಳಿಗೆ ಕೊಟ್ಟೆ. ಓದಿದಳೋ ಇಲ್ಲವೋ ನಾನು ಕೇಳಿಲ್ಲ.

ಮೊದಲ ವಾರ ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಅಡುಗೆ ಮಾಡಿಟ್ಟು ಮಗಳ ಜೊತೆ ಉಣ್ಣುತ್ತಿದ್ದಳು. ಅಶ್ಮಿತಾ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಅತ್ತೆಯನ್ನು ತುಳುವಿನಲ್ಲಿ ಕರೆಯುವಂತೆ ಮಾಮಿ ಎನ್ನುತ್ತಾ, ಅಜ್ಜಿ ಎಲ್ಲಿ ಕೂರುತ್ತಿದ್ದರು, ಅಜ್ಜಿಗೆ ಹಾಲು ಉಕ್ಕುವುದು ಹೇಗೆ ತಿಳಿಯುತ್ತಿತ್ತು, ಅಜ್ಜಿಗೆ ಕೋಪ ಬರುತ್ತಿತ್ತೇ. ಬರುತ್ತಿತ್ತು ಎಂದೆ. ಅವಳಿಗೆ ಸಮಾಧಾನವಾಯಿತು.

ಮೂವರೂ ಖಾರಘರಕ್ಕೆ ಹೋದೆವು. ಅಲ್ಲಿಯ ಫುಟ್‌ಪಾತಿನಲ್ಲಿ ಅವಳು ನನ್ನ ಕೈ ಬಿಟ್ಟು ನೂರು ಹೆಜ್ಜೆ ಹೋದಳು, ಖುಷಿಪಟ್ಟಳು. ತಿರುವಿನಲ್ಲಿ ನಿಂತು "ಇಲ್ಲಿ ಯಾರೂ ಇಲ್ಲವಾ?" ಎಂದು ಕೇಳಿದಳು. ಕುರ್ಲಾದ ಬ್ರಿಡ್ಜಿನಲ್ಲಿ ಊರ್ಮಿಳಾ ಅವಳ ರಟ್ಟೆ ಹಿಡಿದುಕೊಂಡವಳು ಕೆಳಗಿಳಿಯುವವರೆಗೂ ಬಿಡಲಿಲ್ಲ. ಬೆರಳಿನ ಗುರುತು ಮೂಡಿತ್ತು.

ಮರುದಿನ ನಮ್ಮ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಮೆಟ್ಟಿಲ ಬುಡದಲ್ಲಿ ಯಶ್ವಂತಣ್ಣ ಎದುರಾದರು. "ವಾಸುವಿನ ಮಗಳಾ? ಯಾಕೆ ಹೀಗೆ ತಡವರಿಸ್ತಾಳೆ?" ಅಂದರು. ವಾಸು, ನಿನ್ನ ಮೇಲೆ ಇಷ್ಟು ವರ್ಷ ಸಿಟ್ಟಿಟ್ಟುಕೊಂಡ ನಾನು ಏನು ಹೇಳಿದೆ ಗೊತ್ತೇ? "ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಾಳೆ." ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಬಾಯಲ್ಲೇ ಸಿದ್ಧವಾಗಿ ಇಟ್ಟುಕೊಂಡ ಹಾಗಿತ್ತು.

ಅಶ್ಮಿತಾ ಚೀಲದಿಂದ ಮಡಚಿದ ಬಿಳಿ ಕೋಲು ತೆಗೆದು ಬಿಡಿಸಿದಳು. "ಅಂಕಲ್, ಮುಝೆ ಸೈಡ್ ಸೆ ದಿಖ್ತಾ ನಹೀಂ. ಅಂಧೇರೇ ಮೇ ಬಿಲ್ಕುಲ್ ನಹೀಂ. ದಾದೀ ಕೋ ಭೀ ಐಸಾ ಹೀ ಥಾ," ಎಂದು, ಬದಿಯಲ್ಲಿ ಕಾಣದ್ದನ್ನೂ ಕತ್ತಲಲ್ಲಿ ಏನೂ ಕಾಣದ್ದನ್ನೂ ಅಜ್ಜಿಗೂ ಹೀಗೇ ಇದ್ದುದನ್ನೂ ಬಿಚ್ಚಿ ಹೇಳಿದಳು. ಯಶ್ವಂತಣ್ಣ "ಕಂಬಿ ಎಡಕ್ಕಿದೆ ಮಗಾ," ಅಂದು ಬದಿಗೆ ಸರಿದರು. ನನ್ನ ಮುಖ ನೋಡಲಿಲ್ಲ.

ನೀನು ಹೆದರಿದಂತೆಯೇ ಆಯಿತು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಇಬ್ಬರು ಹೆಂಗಸರು ಮನೆಗೆ ಬಂದು, ಸತ್ತ ಮನೆಯಲ್ಲಿ ಕೂತ ಹಾಗೆ ಕೂತರು. ಒಬ್ಬಳು "ಇನ್ನು ಇವಳನ್ನು ಯಾರು ಮಾಡಿಕೊಳ್ತಾರೆ?" ಎಂದು ತುಳುವಿನಲ್ಲಿ ಅಂದಳು, ಮಗುವಿಗೆ ತಿಳಿಯದು ಅಂದುಕೊಂಡು. ಅಶ್ಮಿತಾ ಒಳಗಿದ್ದಳು, ಕೇಳಿಸಿಕೊಂಡಳು. ಊರ್ಮಿಳಾ ಅವರಿಗೆ ಚಹಾ ಕೊಡದೆ ಕಳಿಸಿದಳು. ಡೊಂಬಿವಲಿ ಒಳ್ಳೆಯವರ ಊರೆಂದು ನಾನು ನಿನಗೆ ಬರೆದಿದ್ದರೆ ಅರ್ಧ ಮಾತ್ರ ನಿಜ.

ಎರಡು ವಾರ ಜೊತೆಗೆ ಹೋಗಿ ಬಂದ ಮೇಲೆ ಒಬ್ಬಳೇ ಹೋಗುತ್ತೇನೆ ಎಂದಳು. ಹತ್ತೂವರೆಯ ಹೊತ್ತಿಗೆ ಗಾಡಿ ಹತ್ತಿಸಿದೆವು. ಮಾಟುಂಗದಲ್ಲಿ ಇಳಿದು, ಕಾಲೇಜಿನ ಗೇಟು ಮುಟ್ಟಿ, ಒಂದೂವರೆಯೊಳಗೆ ವಾಪಸು ಬರಬೇಕು. ಎರಡಾದರೂ ಬರಲಿಲ್ಲ. ಫೋನ್ ಮಾಡಿದರೂ ಸಿಗಲಿಲ್ಲ. ಊರ್ಮಿಳಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬರುವ ಪ್ರತಿಯೊಂದು ಗಾಡಿಗೂ ಏಳುತ್ತಿದ್ದಳು. ಮೂರೂಕಾಲಕ್ಕೆ ಅಶ್ಮಿತಾ ಇಳಿದಳು. ಯಾರೋ ಒಬ್ಬಾಕೆ ಮೊಣಕೈ ಕೊಟ್ಟು ಇಳಿಸಿ ಮತ್ತೆ ಹತ್ತಿಕೊಂಡಳು. ಮಂಡಿ ತರಚಿತ್ತು, ಚೂಡಿದಾರಕ್ಕೆ ರಕ್ತ ಅಂಟಿತ್ತು. "ಸಾಯನ್‌ನಲ್ಲೇ ಇಳಿದುಬಿಟ್ಟೆ. ಅಲ್ಲೇ ಬಿದ್ದೆ. ಕೇಳ್ತಾ ಕೇಳ್ತಾ ಹೋದೆ. ಗೇಟು ಮುಟ್ಟಿ ಬಂದೆ," ಎಂದಳು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದಳು.

ಮನೆಯಲ್ಲಿ ಊರ್ಮಿಳಾ ಅವಳ ಮಂಡಿ ತೊಳೆಯುತ್ತಾ ಅತ್ತಳು. ಇಲ್ಲಿಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಆಗಲೇ. ಆಮೇಲೆ ತಲೆ ಎತ್ತದೆ ನನ್ನನ್ನು ಕೇಳಿದಳು.

"ಅತ್ತೆಯೂ ಬೀಳ್ತಿದ್ರಾ?"

"ಬೀಳ್ತಿದ್ಳು," ಎಂದೆ.

"ಬಿದ್ದ ಮೇಲೆ?"

"ಎರಡು ದಿನ ಮನೆಯಲ್ಲಿರ್ತಿದ್ಳು. ಮತ್ತೆ ಹೋಗ್ತಿದ್ಳು."

ಅವಳು ಬಟ್ಟೆ ಹಿಂಡಿ ಹರಡಿದಳು. "ಹಾಗಾದರೆ ಇಲ್ಲೇ ಮನೆ ನೋಡಿ," ಎಂದಳು. ಅಶ್ಮಿತಾ ಮೂರನೆಯ ದಿನ ಮತ್ತೆ ಗಾಡಿ ಹತ್ತಿದಳು, ಮನೆ ಎಲ್ಲಿ ಎಂಬುದಕ್ಕೆ ಅವಳ ಉತ್ತರ ಅಲ್ಲಿಗೆ ತಿಳಿಯಿತು.

ಇಲ್ಲೇ ಡೊಂಬಿವಲಿಯ ತಿಲಕ್‌ನಗರದಲ್ಲಿ ಒಂದನೆಯ ಮಾಳಿಗೆಯಲ್ಲಿ ಮನೆ ಸಿಕ್ಕಿದೆ. ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ. ಸ್ಟೇಷನ್ನಿಗೆ ಎರಡು ಸಲ ರಸ್ತೆ ದಾಟಬೇಕು.

ನಿನ್ನೆ ಸೊಸೈಟಿಯ ಸೆಕ್ರೆಟರಿ ಒಂದು ಫಾರ್ಮ್ ಕೊಟ್ಟರು, ಬಾಡಿಗೆಗೆ ಬರುವವರ ವಿವರ ಪೊಲೀಸ್ ಚೌಕಿಗೆ ಕೊಡಬೇಕಂತೆ. ಮನೆಯಲ್ಲಿ ಯಾರ್ಯಾರು ಇರುತ್ತಾರೆ ಎಂದು ಸಾಲು ಹಾಕಿತ್ತು. ಊರ್ಮಿಳಾ ನನ್ನ ಅಡುಗೆಮನೆಯಲ್ಲಿ ಕೂತು ತುಂಬಿಸಿದಳು. ತನ್ನ ಹೆಸರು ಬರೆದಳು. ಅಶ್ಮಿತಾಳದು ಬರೆದಳು. ಪೆನ್ನಿಗೆ ಟೋಪಿ ಹಾಕಿ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಬಂದು ಕೂತು ಮೂರನೆಯ ಸಾಲಿನಲ್ಲಿ ನಿನ್ನ ಹೆಸರು ಬರೆದಳು. ಪಕ್ಕದಲ್ಲಿ ಸಂಬಂಧ ಎಂದು ಒಂದು ಕಾಲಮ್ಮು ಇತ್ತು. ಅಲ್ಲಿ 'ಅಶ್ಮಿತಾಳ ತಂದೆ' ಎಂದು ಬರೆದು ಫಾರ್ಮನ್ನು ನನ್ನ ಕೈಗೆ ಕೊಟ್ಟಳು.

ಅದನ್ನು ಇವತ್ತು ಚೌಕಿಗೆ ಕೊಟ್ಟು ಬಂದೆ. ಸದ್ಯಕ್ಕೆ ಅಷ್ಟಿದೆ ಎಂದು ತಿಳಿದು ಹೊರಟು ಬಾ.

ನಿನ್ನ ಅಕ್ಕ,
ಉಮಾವತಿ